ಬೆರಿಯಾದಲ್ಲಿ ಫೀಸ್ ಯಾಕಿಲ್ಲ?

ಪ್ರಶ್ನೆ: ಅಮೆರಿಕದ ಪ್ರೈವೇಟ್ ಲಿಬರಲ್ ಆರ್ಟ್ಸ್ ಕಾಲೇಜು ಅಂದ್ರೆ ಲಕ್ಷಗಟ್ಟಲೆ ಫೀಸು ಅಂತಾರೆ. ಆದ್ರೆ ಕೆಂಟಕಿಯ ಬೆರಿಯಾ ಕಾಲೇಜಲ್ಲಿ ಟ್ಯೂಷನ್ ಫೀಸೇ ಇಲ್ವಂತೆ, ನಿಜಾನಾ? ಪಿಯುಸಿ ಓದ್ತಿರೋ ಮಗಳು ಕೇಳ್ತಿದ್ದಾಳೆ.
- ಓದುಗರೊಬ್ಬರು, ಹಾಸನ

ಉತ್ತರ: ನಿಜ. 1892ರಿಂದ ಅಲ್ಲಿ ಯಾವ ವಿದ್ಯಾರ್ಥಿಯಿಂದಲೂ ಟ್ಯೂಷನ್ ಫೀಸ್ ತಗೊಳ್ತಿಲ್ಲ. ಆದ್ರೆ ಅದಕ್ಕೂ ಮೊದ್ಲು ಆ ಕಾಲೇಜು ಹುಟ್ಟಿದ ಕಥೆ ಮಗಳಿಗೆ ಹೇಳಿ, ಯಾಕಂದ್ರೆ ಫೀಸ್ ಇಲ್ದಿರೋದೂ ಅದೇ ಹಟದಿಂದ ಬಂದಿದ್ದು.

ಜಾನ್ ಫೀ ಅಂತ ಒಬ್ರು ಪಾದ್ರಿ, ಗುಲಾಮರನ್ನ ಇಟ್ಕೊಂಡಿದ್ದ ಮನೇಲೇ ಹುಟ್ಟಿದವ್ರು, ಗುಲಾಮಗಿರಿ ತಪ್ಪು ಅಂತ ಬಾಯ್ಬಿಟ್ಟು ಹೇಳಿದ್ದಕ್ಕೆ ಹೆತ್ತ ಅಪ್ಪನೇ ದೂರ ಮಾಡಿದ್ರು, ಆದ್ರೂ ಬಿಡದೆ 1855ರಲ್ಲಿ ಒಂದೇ ರೂಮಿನ ಸ್ಕೂಲ್ ಶುರು ಮಾಡಿದ್ರು. 1859ರಲ್ಲಿ ಗುಲಾಮಗಿರಿ ಪರ ಇದ್ದವ್ರು ಗುಂಪು ಕಟ್ಕೊಂಡು ಬಂದು ಫೀ ಮತ್ತು ಅವ್ರ ಜೊತೆಯವ್ರನ್ನೆಲ್ಲ ರಾಜ್ಯದಿಂದಲೇ ಓಡ್ಸಿದ್ರು. ಅಂತರ್ಯುದ್ಧ ಮುಗಿದ್ಮೇಲೆ ವಾಪಸ್ ಬಂದ್ರು, 1866-67ರಲ್ಲಿ 187 ಮಕ್ಕಳು, 96 ಜನ ಕರಿಯರು, 91 ಜನ ಬಿಳಿಯರು, ಹುಡುಗ್ರು ಹುಡುಗೀರು ಎಲ್ಲಾ ಒಂದೇ ಕಡೆ. ಆ ಕಾಲದ ಕೆಂಟಕಿಯಲ್ಲಿ ಇದಕ್ಕೆ ಎಂಥ ಗುಂಡಿಗೆ ಬೇಕಿತ್ತು ಯೋಚ್ನೆ ಮಾಡಿ!

1904ರಲ್ಲಿ ರಾಜ್ಯ ಸರ್ಕಾರ ಕರಿಯರು ಬಿಳಿಯರು ಒಟ್ಟಿಗೆ ಓದ್ಬಾರ್ದು ಅಂತ ಡೇ ಲಾ ಅನ್ನೋ ಕಾನೂನು ತಂತು. ಕಾಲೇಜು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, 1908ರಲ್ಲಿ ಸೋತಿತು, ಕೆಂಟಕಿಯವ್ರೇ ಆದ ಜಸ್ಟಿಸ್ ಹಾರ್ಲನ್ ಮಾತ್ರ ಕಾನೂನೇ ತಪ್ಪು ಅಂತ ಗಟ್ಟಿಯಾಗಿ ಭಿನ್ನಮತ ಬರೆದ್ರು. ಕರಿಯ ಮಕ್ಕಳಿಗೆ ಅಂತ ಲೂಯಿವಿಲ್ ಹತ್ರ ಲಿಂಕನ್ ಇನ್‌ಸ್ಟಿಟ್ಯೂಟ್ ಕಟ್ಟೋಕೆ ಕಾಲೇಜು ದುಡ್ಡು ಎತ್ತಿಕೊಡ್ತು, ಆದ್ರೆ ಬೆರಿಯಾದಲ್ಲಿ ಅವ್ರಿಗೆ ಬಾಗಿಲು ಮುಚ್ಚಿದ್ದು ಮುಚ್ಚಿದ್ದೇ, 1950ರಲ್ಲಿ ಕಾನೂನು ಸಡಿಲ ಆಗೋವರೆಗೂ. ಕರಿಯರ ಇತಿಹಾಸವನ್ನ ಓದಿನ ವಿಷಯವಾಗಿ ನಿಲ್ಲಿಸಿದ ಕಾರ್ಟರ್ ವುಡ್ಸನ್ ಇಲ್ಲಿ ಡಿಗ್ರಿ ಮುಗಿಸಿದ್ದು 1903ರಲ್ಲಿ, ಒಂದೆರಡು ವರ್ಷ ತಡ ಆಗಿದ್ರೆ ಅವ್ರಿಗೂ ಅಲ್ಲಿ ಜಾಗ ಇರ್ತಿರ್ಲಿಲ್ಲ. ನನಗೆ ಇದು ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಇನ್ನು ದುಡ್ಡಿನ ವಿಷ್ಯ. ಉಯಿಲಲ್ಲಿ ಇಂಥದ್ದಕ್ಕೇ ಅಂತ ಹೇಳದೆ ಬಿಟ್ಟುಕೊಟ್ಟ ಹಣವನ್ನ ಖರ್ಚು ಮಾಡದೆ ಮೂಲನಿಧಿಗೇ ಸೇರಿಸ್ಬೇಕು ಅಂತ 1920ರಲ್ಲಿ ಆಡಳಿತ ಮಂಡಳಿ ತೀರ್ಮಾನ ಮಾಡ್ತು, ಈಗ ಆ ನಿಧಿ 100 ಕೋಟಿ ಡಾಲರ್ ದಾಟಿದೆ, ಹೆಚ್ಚಿನ ಖರ್ಚು ಅದರ ಆದಾಯದಲ್ಲೇ ನಡೆಯುತ್ತೆ. ಮತ್ತೆ ಪ್ರತಿಯೊಬ್ಬ ವಿದ್ಯಾರ್ಥಿನೂ ವಾರಕ್ಕೆ ಕನಿಷ್ಠ 10 ಗಂಟೆ ಕೆಲಸ ಮಾಡ್ಲೇಬೇಕು. ಪೊರಕೆ ಕಟ್ಟೋದು, ಮಗ್ಗ, ತೋಟ, ಆಫೀಸು, ಕಾಲೇಜಿನದ್ದೇ ಬೂನ್ ಟ್ಯಾವರ್ನ್ ಹೋಟೆಲು, ಹೀಗೆ. ಸಂಬಳ ಇದೆ.

ಮಗಳ ವಿಷ್ಯಕ್ಕೆ ಬಂದ್ರೆ, ಇಲ್ಲಿ ಸೇರೋದು ಮುಖ್ಯವಾಗಿ ಅಪಲೇಷಿಯನ್ ಬೆಟ್ಟ ಪ್ರದೇಶದ ಬಡ ಮನೆಗಳ ಮಕ್ಕಳು, ವಿದೇಶದವ್ರಿಗೆ ಸೀಟು ಬಹಳ ಕಮ್ಮಿ. ಅರ್ಜಿ ಖಂಡಿತ ಹಾಕ್ಲಿ, ಆದ್ರೆ ಇದೊಂದನ್ನೇ ನಂಬ್ಕೊಂಡು ನಮ್ಮೂರ ಕಡೆಯ ಡಿಗ್ರಿ ಅಡ್ಮಿಷನ್ ಬಿಡೋದು ಬೇಡ.