ಸೈಕಲ್ ಸವಾಲು–ಜವಾಬು: ಚಳಿ, ಜಿಟಿಜಿಟಿ ಮಳೆ, ನಾಲ್ಕೂವರೆಗೇ ಕತ್ತಲೆ

ಚಳಿಗಾಲದಲ್ಲೂ ಸೈಕಲ್ ಹೊಡೆಯುತ್ತೇನೆ ಎಂದು ಹೋದ ಸಲ ಒಂದು ಸಾಲು ಬರೆದಿದ್ದೆ. ಈ ಸಲ ಬಂದ ಪ್ರಶ್ನೆಗಳೆಲ್ಲ ಅದರ ಬಗ್ಗೆಯೇ. ನಾನು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಹತ್ತಕ್ಕಿಂತ ಜಾಸ್ತಿ ಚಳಿಗಾಲ ಕಳೆದವಳು. ಇಲ್ಲಿ ಹಿಮ ಬೀಳುವುದು ಅಪರೂಪ. ಹೆಚ್ಚಿನ ದಿನ ಇರುವುದು ಮೂರು ನಾಲ್ಕು ಡಿಗ್ರಿ ಚಳಿ, ತೇವದ ಗಾಳಿ, ಬಿಟ್ಟೂ ಬಿಡದ ಸೋನೆ. ಕೆಲಸಕ್ಕೆ ಹೋಗಲೇಬೇಕು ಅಂತ ತುಳಿಯುವ ಸೈಕಲ್ ಮಾತು ಬೇರೆ. ಇಲ್ಲಿ ಹೇಳುತ್ತಿರುವುದು ಭಾನುವಾರ ಸುಮ್ನೆ ಖುಷಿಗೆ ಹೊಡೆಯುವ ಸೈಕಲ್ ಬಗ್ಗೆ.

ಪ್ರಶ್ನೆ: ಬೆಂಗಳೂರಿನಿಂದ ಇಲ್ಲಿಗೆ ಬಂದು ಒಂದು ವರ್ಷ ಆಯಿತು. ಬೇಸಿಗೆಯಲ್ಲಿ ವಾರಕ್ಕೆ 60 ಕಿ.ಮೀ. ತುಳಿಯುತ್ತಿದ್ದೆ. ನವೆಂಬರ್ ಬಂದಿದ್ದೇ ಸೈಕಲ್ ಮೂಲೆ ಸೇರಿತು. ಕಿಟಕಿಯಿಂದ ನೋಡಿದರೆ ಎಲ್ಲಾ ಬೂದಿ ಬಣ್ಣ. ಇದರಲ್ಲಿ ಖುಷಿ ಎಲ್ಲಿದೆ ಮೇಡಂ?
– ಓದುಗರು, ಐಂಡ್‌ಹೋವನ್

ಮೊದಲನೆಯದಾಗಿ, ಕಿಟಕಿಯಿಂದ ನೋಡಿ ತೀರ್ಮಾನ ಮಾಡಬೇಡಿ. ಗಾಜಿನ ಮೇಲೆ ಹರಿಯುವ ನೀರು ನೋಡಿದರೆ ಯಾವ ಮಳೆಯೂ ದೊಡ್ಡದಾಗಿಯೇ ಕಾಣುತ್ತದೆ. ಬಾಗಿಲು ತೆಗೆದು ಎರಡು ನಿಮಿಷ ಹೊರಗೆ ನಿಂತು ನೋಡಿ, ಮುಖಕ್ಕೆ ತಾಗುವುದು ಬರೀ ತುಂತುರು ಆಗಿರುತ್ತದೆ. ಇಲ್ಲಿಯವರ ಫೋನಿನಲ್ಲೆಲ್ಲ ಇರುವ ಬಾಯನ್‌ರಾಡಾರ್ ಆ್ಯಪ್ ನಿಮ್ಮ ಹತ್ತಿರವೂ ಇರಬಹುದು. ಮುಂದಿನ ಎರಡು ಗಂಟೆಯಲ್ಲಿ ನಿಮ್ಮ ಊರಿನ ಮೇಲೆ ಮಳೆ ಯಾವಾಗ ಬರುತ್ತದೆ, ಯಾವಾಗ ಬಿಡುತ್ತದೆ ಅಂತ ಅದು ಗೆರೆ ಎಳೆದು ತೋರಿಸುತ್ತದೆ. ದಿನವಿಡೀ ಮಳೆ ಅಂತ ಅನ್ನಿಸಿದ ದಿನವೂ ನಡುವೆ ಒಂದೊಂದು ಗಂಟೆಯ ಬಿಡುವು ಸಿಗುತ್ತದೆ. ನನಗೆ ಅಷ್ಟೇ ಸಾಕು.

ಎರಡನೆಯದು, ಬೇಸಿಗೆಯ ಲೆಕ್ಕವನ್ನು ಚಳಿಗಾಲಕ್ಕೆ ತರಬೇಡಿ. 60 ಕಿಲೋಮೀಟರ್ ಮರೆತುಬಿಡಿ. 15 ಸಾಕು, 20 ಆದರೆ ಹಬ್ಬ. ವೇಗವೂ ಬೇಡ. ಐದು ಡಿಗ್ರಿ ಚಳಿಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ಮುಖಕ್ಕೆ ತಾಗುವ ಚಳಿ ಒಂದು ಡಿಗ್ರಿಯಷ್ಟಿರುತ್ತದೆ. ನಿಧಾನಕ್ಕೆ ಹೋದಷ್ಟೂ ಬೆಚ್ಚಗಿರುತ್ತೀರಿ.

ಇನ್ನೊಂದು ಮುಖ್ಯ ವಿಷಯ ಗಾಳಿ. ಈ ದೇಶದಲ್ಲಿ ಬೆಟ್ಟ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಎದುರುಗಾಳಿ ಬೆಟ್ಟಕ್ಕಿಂತ ಏನೂ ಕಡಿಮೆ ಇಲ್ಲ. ಚಳಿಗಾಲದಲ್ಲಿ ಅದು ಹೆಚ್ಚಾಗಿ ನೈಋತ್ಯದ ಕಡೆಯಿಂದ ಬೀಸುತ್ತದೆ. ಹಾಗಾಗಿ ನಾನು ಮೊದಲು ಗಾಳಿಗೆ ಎದುರಾಗಿ, ಏರ್ಸೆಲ್ ಊರಿನ ಕಡೆಗೆ ಹೊರಡುತ್ತೇನೆ. ಬೆವರು ಬರುವುದೆಲ್ಲ ಹೋಗುವಾಗಲೇ ಬರುತ್ತದೆ. ವಾಪಸ್ ಬರುವಾಗ ಗಾಳಿ ಬೆನ್ನಿಗಿರುತ್ತದೆ, ಬೆವರಿದ ಮೈಗೆ ಚಳಿ ಹತ್ತುವುದಿಲ್ಲ. ಇದನ್ನು ಉಲ್ಟಾ ಮಾಡಿದರೆ ಕೊನೆಯ ಐದು ಕಿಲೋಮೀಟರ್ ಯಾಕಾದರೂ ಬಂದೆನೋ ಅನ್ನಿಸುತ್ತದೆ. ಈ ಎದುರುಗಾಳಿಯಲ್ಲೇ ಸ್ಪರ್ಧೆ ನಡೆಸುವ ಜನ ಈ ಡಚ್ಚರು. 2013ರಿಂದ, ದೊಡ್ಡ ಬಿರುಗಾಳಿ ಬರುವ ಸೂಚನೆ ಸಿಕ್ಕಾಗ, ಕೆಲವೇ ದಿನ ಮುಂಚೆ ದಿನ ಗೊತ್ತುಮಾಡಿ, ಓಸ್ಟರ್‌ಸ್ಕೆಲ್ಡೆ ಸಮುದ್ರ ತಡೆಗೋಡೆಯ ಮೇಲೆ ಎಂಟೂವರೆ ಕಿಲೋಮೀಟರ್ ತುಳಿಯುತ್ತಾರೆ. ಅದೂ ಗೇರ್ ಇಲ್ಲದ ಮಾಮೂಲಿ ಸೈಕಲ್‌ನಲ್ಲಿ. ಗಾಳಿಯನ್ನು ಇವರು ಬೈಯುವಷ್ಟೇ ಪ್ರೀತಿಸುತ್ತಾರೆ. ಮೈಗೆ ಗಾಳಿ ಬಡಿಸಿಕೊಂಡು ತಲೆ ಹಗುರ ಮಾಡಿಕೊಂಡು ಬರುವುದಕ್ಕೆ ಡಚ್ಚಿನಲ್ಲಿ 'ಔಟ್‌ವಾಯನ್' ಅಂತ ಒಂದು ಪದವೇ ಇದೆ.

ಖುಷಿ ಎಲ್ಲಿದೆ ಅಂತ ಕೇಳಿದ್ದೀರಲ್ಲ, ಒಂದು ಸಂಜೆಯನ್ನೇ ಹೇಳುತ್ತೇನೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಎಂಟೂಮುಕ್ಕಾಲರ ಹೊತ್ತಿಗೆ, ಮುಳುಗುವುದು ನಾಲ್ಕೂವರೆಗೆ. ಇದನ್ನೇ ಎಲ್ಲರೂ ದೂರುತ್ತಾರೆ. ಆದರೆ ಇದರಿಂದಲೇ ಒಂದು ಲಾಭ ಇದೆ. ಐಂಡ್‌ಹೋವನ್ ಪಕ್ಕದ ನ್ಯೂನೆನ್‌ನಲ್ಲಿ ಚಿತ್ರಕಾರ ವಾನ್ ಗಾಗ್ 1883ರಿಂದ 1885ರವರೆಗೆ ಇದ್ದ. ಅಲ್ಲಿಗೆ ಹೋಗುವ ಒಂದು ಸೈಕಲ್ ದಾರಿಯಲ್ಲಿ ಸುಮಾರು 600 ಮೀಟರ್ ಉದ್ದಕ್ಕೆ, ಹಗಲು ಬೆಳಕು ಕುಡಿದು ರಾತ್ರಿ ಹೊಳೆಯುವ ಸಣ್ಣ ಸಣ್ಣ ಕಲ್ಲುಗಳನ್ನು ಕೂರಿಸಿದ್ದಾರೆ. ಅವನು ಬರೆದ 'ನಕ್ಷತ್ರಗಳ ರಾತ್ರಿ' ಚಿತ್ರದ ಹಾಗೆ ಸುತ್ತು ಸುತ್ತಾಗಿ, ಹಸಿರು ನೀಲಿಯಾಗಿ ಅವು ಮಿನುಗುತ್ತವೆ. 2014ರಲ್ಲಿ ತೆರೆದ ದಾರಿ ಅದು. ಬೇಸಿಗೆಯಲ್ಲಿ ಇದನ್ನು ನೋಡಬೇಕು ಅಂದರೆ ರಾತ್ರಿ ಹನ್ನೊಂದರವರೆಗೆ ಕಾಯಬೇಕು. ಡಿಸೆಂಬರ್‌ನಲ್ಲಿ ಐದೂವರೆಗೆಲ್ಲ ನಾನು ಅಲ್ಲಿರುತ್ತೇನೆ. ಮಳೆ ಆಗಷ್ಟೇ ನಿಂತಿರುತ್ತದೆ, ಒದ್ದೆ ದಾರಿಯ ಮೇಲೆ ಚಕ್ರ ಸರ್ರ್ ಅನ್ನುತ್ತಿರುತ್ತದೆ, ಆ ಬೆಳಕಿನ ಮೇಲೆ ನೀರಿನ ತೆಳು ಪದರ ಇರುತ್ತದೆ. ದಾರಿಯಲ್ಲಿ ನನ್ನ ಬಿಟ್ಟರೆ ಯಾರೂ ಇರುವುದಿಲ್ಲ. ಮನೆಗೆ ಬಂದು ಬಟಾಣಿ ಸೂಪು ಕುಡಿಯುತ್ತೇನೆ. ಇಲ್ಲಿಯವರು ಅದನ್ನು ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಮಾಡುತ್ತಾರೆ. ನಾನು ಅದಕ್ಕೆ ಕಾಳುಮೆಣಸು, ಜೀರಿಗೆಯ ಒಗ್ಗರಣೆ ಹಾಕುತ್ತೇನೆ.

ಪ್ರಶ್ನೆ: ದುಬಾರಿ ರೈನ್ ಜಾಕೆಟ್ ತೆಗೆದುಕೊಂಡೆ. ಮಳೆ ಒಳಗೆ ಬರುವುದಿಲ್ಲ, ನಿಜ. ಆದರೆ ಅರ್ಧ ಗಂಟೆಗೆ ಒಳಗಿನ ಬನಿಯನ್, ಟೀ ಶರ್ಟ್ ಹಿಂಡಿದರೆ ನೀರು ಬರುತ್ತದೆ. ಜಾಕೆಟ್ ಸರಿ ಇಲ್ಲವೇ?
– ಓದುಗರು, ಮ್ಯಾಂಚೆಸ್ಟರ್

ಜಾಕೆಟ್ ಸರಿಯಾಗಿಯೇ ಇದೆ. ಆ ನೀರು ನಿಮ್ಮದೇ ಬೆವರು. ನಾನೂ ಮೊದಲ ಚಳಿಗಾಲದಲ್ಲಿ ಇದೇ ತಪ್ಪು ಮಾಡಿದೆ. ಅಂಗಡಿಯವನು ಎಷ್ಟು ಮಳೆಗೂ ಜಗ್ಗುವುದಿಲ್ಲ ಎಂದು ದಪ್ಪ ಜಾಕೆಟ್ ಕೊಟ್ಟ, ಅದರೊಳಗೆ ನಾನು ಊರಿಂದ ತಂದ ಹತ್ತಿ ಬಟ್ಟೆ, ಅದರ ಮೇಲೆ ಸ್ವೆಟರ್ ಹಾಕಿಕೊಂಡು ಹೊರಟೆ. ಹೋಗುವಾಗ ಒಲೆ ಮುಂದೆ ಕೂತ ಹಾಗೆ ಇತ್ತು. ಸೇತುವೆ ಮೇಲೆ ಫೋಟೋ ತೆಗೆಯಲು ನಿಂತ ಐದು ನಿಮಿಷಕ್ಕೆ ಹಲ್ಲು ಕಟಕಟ.

ಹತ್ತಿಯನ್ನು ಮನೆಯಲ್ಲೇ ಬಿಡಿ. ನಮ್ಮ ಸೆಕೆಗೆ ಅದರಷ್ಟು ಒಳ್ಳೆಯದು ಇಲ್ಲ, ಈ ಚಳಿಗೆ ಅದರಷ್ಟು ಕೆಟ್ಟದ್ದೂ ಇಲ್ಲ. ನೀರು ಹೀರಿಕೊಂಡರೆ ಬಿಡುವುದೇ ಇಲ್ಲ, ಮೈಗೆ ಅಂಟಿಕೊಂಡು ತಣ್ಣಗೆ ಕೊರೆಯುತ್ತದೆ. ಮೈಗೆ ತಾಗುವ ಬಟ್ಟೆ ತೆಳು ಮೆರಿನೋ ಉಣ್ಣೆಯದ್ದಿರಲಿ. ಒದ್ದೆಯಾದರೂ ಅದು ಬೆಚ್ಚಗಿರುತ್ತದೆ, ವಾಸನೆಯೂ ಬೇಗ ಬರುವುದಿಲ್ಲ. ಒಂದು ಒಳ್ಳೆಯ ಉಣ್ಣೆ ಬನಿಯನ್‌ಗೆ ಕೊಟ್ಟ ದುಡ್ಡು ದುಬಾರಿ ಜಾಕೆಟ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ ಎನ್ನುವುದು ನನ್ನ ಅನುಭವ. ಅದರ ಮೇಲೆ ಒಂದು ತೆಳು ಸ್ವೆಟರ್. ಜಾಕೆಟ್ ಬ್ಯಾಗಿನಲ್ಲಿರಲಿ, ಮಳೆ ಜೋರಾದಾಗ ಮಾತ್ರ ಹಾಕಿಕೊಳ್ಳಿ. ಬೆವರಿನ ಹಬೆ ಹೊರಗೆ ಬಿಡುತ್ತದೆ ಅಂತ ಜಾಕೆಟ್ ಮೇಲೆ ಬರೆದಿರುತ್ತದೆ, ಆದರೆ ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಹಬೆ ಹೋಗುವುದು ತೀರಾ ನಿಧಾನ. ಕಂಕುಳ ಕೆಳಗಿನ ಜಿಪ್ ಇದ್ದರೆ ತೆಗೆದಿಡಿ.

ಮನೆ ಬಿಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಹತ್ತು ನಿಮಿಷಕ್ಕೆ ಬೆವರುತ್ತೀರಿ ಅಂತಲೇ ಅರ್ಥ. ಆ ಮೊದಲ ಹತ್ತು ನಿಮಿಷ ತಡೆದುಕೊಳ್ಳಿ, ಆಮೇಲೆ ಮೈ ತಾನೇ ಕಾಯುತ್ತದೆ.

ಪ್ರಶ್ನೆ: ಮೈಯೆಲ್ಲ ಬೆಚ್ಚಗಿರುತ್ತದೆ. ಕೈಬೆರಳು, ಕಾಲ್ಬೆರಳು ಮಾತ್ರ ಇವೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕನ್ನಡಕದ ಮೇಲೆ ಹನಿ ಕೂತು ದಾರಿಯೂ ಕಾಣುವುದಿಲ್ಲ.
– ಓದುಗರು, ಉಟ್ರೆಕ್ಟ್

ಬೆರಳು ಬೇರೆ ಬೇರೆ ಇರುವ ಗ್ಲೌಸಿಗಿಂತ ಎರಡೆರಡು ಬೆರಳು ಒಟ್ಟಿಗೆ ಹೋಗುವ ಗ್ಲೌಸ್ ಬೆಚ್ಚಗೆ, ಬ್ರೇಕ್ ಹಿಡಿಯುವುದಕ್ಕೂ ಆಗುತ್ತದೆ. ಒಂದು ಗಂಟೆಗಿಂತ ಜಾಸ್ತಿ ಹೋಗುವುದಿದ್ದರೆ ಇನ್ನೊಂದು ಒಣ ಜೊತೆ ಬ್ಯಾಗಿನಲ್ಲಿಡಿ, ಅರ್ಧ ದಾರಿಯಲ್ಲಿ ಬದಲಾಯಿಸಿದಾಗ ಸಿಗುವ ಸುಖವೇ ಬೇರೆ. ಕಾಲಿಗೆ ಎರಡು ಜೊತೆ ಸಾಕ್ಸ್ ತುರುಕಬೇಡಿ. ಶೂ ಬಿಗಿಯಾದರೆ ರಕ್ತ ಓಡುವುದಿಲ್ಲ, ಇನ್ನೂ ತಣ್ಣಗಾಗುತ್ತದೆ. ಒಂದೇ ಉಣ್ಣೆ ಸಾಕ್ಸ್ ಹಾಕಿ, ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರ್, ಆಮೇಲೆ ಶೂ. ಕಾಸು ಖರ್ಚಿಲ್ಲದ ಉಪಾಯ, ನಾನು ಇವತ್ತಿಗೂ ಮಾಡುತ್ತೇನೆ. ಕನ್ನಡಕಕ್ಕೆ ಹೆಲ್ಮೆಟ್ ಒಳಗೆ ಮುಂದೆ ಅಂಚು ಇರುವ ತೆಳು ಟೋಪಿ ಹಾಕಿ. ಮುಕ್ಕಾಲು ಹನಿ ಅಲ್ಲೇ ನಿಲ್ಲುತ್ತದೆ.

ದಾರಿ ನೋಡಲು ಫೋನ್ ತೆಗೆಯುವುದಕ್ಕಾಗಿಯೇ ಗ್ಲೌಸ್ ಬಿಚ್ಚುವವರು ಬಹಳ. ಈ ದೇಶದ ಸೈಕಲ್ ದಾರಿಗಳು ಕೂಡುವಲ್ಲೆಲ್ಲ ಒಂದೊಂದು ನಂಬರಿನ ಫಲಕ ಇದೆಯಲ್ಲ, ಹೊರಡುವ ಮುಂಚೆ ಆ ನಂಬರುಗಳನ್ನು ಚೀಟಿಯಲ್ಲಿ ಸಾಲಾಗಿ ಬರೆದು ಹ್ಯಾಂಡಲ್ ಮೇಲೆ ಅಂಟಿಸಿ. ಮೇಲೆ ಪಾರದರ್ಶಕ ಟೇಪ್ ಹಚ್ಚುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮೂರನೆಯ ನಂಬರಿಗೆಲ್ಲ ಶಾಯಿ ನೀರಾಗಿ ಹರಿದಿರುತ್ತದೆ.

ಪ್ರಶ್ನೆ: ಜಾರಿ ಬೀಳುವ ಹೆದರಿಕೆ. ಐವತ್ತು ದಾಟಿದೆ, ಮೂಳೆ ಮುರಿದರೆ ಯಾರು ನೋಡಿಕೊಳ್ಳುತ್ತಾರೆ?
– ಓದುಗರು, ದಿ ಹೇಗ್

ಇದು ಸುಮ್ಮನೆ ಹೆದರಿಕೆ ಅಲ್ಲ, ಹೆದರಬೇಕಾದ್ದಕ್ಕೆ ಹೆದರಲೇಬೇಕು. ನಾನು ಬಿದ್ದಿದ್ದು ಒಮ್ಮೆ, ಒಂದು ಸಣ್ಣ ಮರದ ಸೇತುವೆ ಮೇಲೆ. ಹಲಗೆಗಳಿಗೆ ಪಾಚಿ ಕಟ್ಟಿತ್ತು, ನಾನು ಅದರ ಮೇಲೇ ಹ್ಯಾಂಡಲ್ ತಿರುಗಿಸಿದೆ. ಮುಂದಿನ ಚಕ್ರ ಎತ್ತ ಹೋಯಿತು ಅಂತ ತಿಳಿಯುವಷ್ಟರಲ್ಲಿ ಮೊಣಕೈ ಕೆಳಗಿತ್ತು. ಒಂದು ತಿಂಗಳು ನೋವು.

ಒದ್ದೆ ಡಾಂಬರಿಗೆ ಅಷ್ಟೇನೂ ಹೆದರಬೇಕಿಲ್ಲ. ಜಾರುವುದು ಅದರ ಮೇಲಿರುವ ಬೇರೆ ವಸ್ತು: ಕೊಳೆತ ತರಗೆಲೆ, ಬಿಳಿ ಬಣ್ಣದ ಪಟ್ಟಿ, ಕಬ್ಬಿಣದ ಮುಚ್ಚಳ, ಮರದ ಹಲಗೆ, ನಿಮ್ಮೂರಿನ ಟ್ರಾಮ್ ಹಳಿ. ಇವುಗಳ ಮೇಲೆ ಹೋಗುವಾಗ ಬ್ರೇಕ್ ಹಿಡಿಯಬೇಡಿ, ತಿರುಗಬೇಡಿ, ತುಳಿಯಬೇಡಿ. ಬ್ರೇಕ್ ಮುಂಚೆಯೇ ಹಿಡಿದು, ನೆಟ್ಟಗೆ ಉರುಳಿಕೊಂಡು ದಾಟಿ. ಟ್ರಾಮ್ ಹಳಿಯನ್ನು ಆದಷ್ಟು ಅಡ್ಡಡ್ಡಲಾಗಿ ದಾಟಬೇಕು, ಓರೆಯಾಗಿ ಹೋದರೆ ಚಕ್ರ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಟೈರಿನ ಗಾಳಿ ಬೇಸಿಗೆಗಿಂತ ಸ್ವಲ್ಪ ಕಡಿಮೆ ಇಡಿ, ಹಿಡಿತ ಚೆನ್ನಾಗಿರುತ್ತದೆ. ಆದರೆ ಚಳಿಗೆ ಗಾಳಿಯ ಒತ್ತಡ ತಾನಾಗಿಯೂ ಇಳಿಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ಒತ್ತಿ ನೋಡಿ. ಸೀಟು ಒಂದು ಸೆಂಟಿಮೀಟರ್ ಇಳಿಸಿ, ಕಾಲು ನೆಲಕ್ಕೆ ಬೇಗ ಸಿಗುತ್ತದೆ. ನಿಮ್ಮ ವಯಸ್ಸಿಗೆ ಈ ಒಂದು ಸೆಂಟಿಮೀಟರ್ ಕೊಡುವ ಧೈರ್ಯ ದೊಡ್ಡದು.

ನೆಲ ಹೆಪ್ಪುಗಟ್ಟುವ ದಿನ ಮಾತ್ರ ಹೊರಡಬೇಡಿ. ರಾತ್ರಿ ಸೊನ್ನೆಗಿಂತ ಕೆಳಗೆ ಹೋಗಿದ್ದರೆ ದಾರಿ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಇರುತ್ತದೆ. ಸೇತುವೆಗಳು ಎಲ್ಲಕ್ಕಿಂತ ಮೊದಲು ಗಡ್ಡೆ ಕಟ್ಟುತ್ತವೆ, ಯಾಕೆಂದರೆ ಕೆಳಗಿನಿಂದಲೂ ಗಾಳಿ ತಾಗುತ್ತದೆ. ಅಂಥ ದಿನ ಮನೆಯಲ್ಲಿ ಉಪ್ಪಿಟ್ಟು ಮಾಡಿಕೊಂಡು ಕೂತರೆ ಯಾರೂ ಏನೂ ಅನ್ನುವುದಿಲ್ಲ.

ಪ್ರಶ್ನೆ: ಎರಡೇ ತಿಂಗಳಿಗೆ ಚೈನು ಕೆಂಪಾಗಿದೆ, ತುಳಿದರೆ ಕಿರ್‌ಕಿರ್ ಅನ್ನುತ್ತದೆ. ಇದು ಬ್ಯಾಟರಿ ಸೈಕಲ್, ಅದೂ ಬೇಗ ಖಾಲಿ ಆಗುತ್ತಿದೆ.
– ಓದುಗರು, ಆಮ್ಸ್ಟೆಲ್‌ವೇನ್

ಮಂಜುಗಡ್ಡೆ ಕಟ್ಟದಿರಲಿ ಅಂತ ದಾರಿಗೆ ಹಾಕುವ ಉಪ್ಪು ಚೈನಿಗೆ ಶತ್ರು. ಮನೆಗೆ ಬಂದ ತಕ್ಷಣ, ಸೂಪು ಕುಡಿಯುವುದಕ್ಕೂ ಮುಂಚೆ, ಹಳೆ ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲ್ ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ. ಎರಡು ನಿಮಿಷದ ಕೆಲಸ. ಆಮೇಲೆ ಮಳೆಗಾಲಕ್ಕೆ ಅಂತಲೇ ಸಿಗುವ ಗಟ್ಟಿ ಚೈನ್ ಎಣ್ಣೆ ಹನಿ ಹನಿಯಾಗಿ ಹಾಕಿ, ಮೇಲಿನದ್ದನ್ನು ಒರೆಸಿ. ಒದ್ದೆ ಶೂ ಒಳಗೆ ಪೇಪರ್ ತುರುಕಿ. ಬ್ಯಾಟರಿ ಚಳಿಗೆ ಬೇಗ ಇಳಿಯುವುದು ಸಹಜ, ಕೆಟ್ಟಿಲ್ಲ. ಅದನ್ನು ಬಿಚ್ಚಿ ಮನೆಯೊಳಗೆ ಇಡಿ, ಒಳಗೆ ಬೆಚ್ಚಗಾದ ಮೇಲೆ ಚಾರ್ಜ್‌ಗೆ ಹಾಕಿ. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಾನೂನು, ಅದಿಲ್ಲದೆ ಮೂರು ಗಂಟೆಯ ಮೇಲೆ ಹೊರಡಲೇಬೇಡಿ. ಮಡ್‌ಗಾರ್ಡ್ ತುಂಡಾಗಿದ್ದರೆ ಉದ್ದದ್ದು ಹಾಕಿಸಿ. ಒದ್ದೆಯಾಗುವುದು ಆಕಾಶದಿಂದ ಎಷ್ಟೋ ಅಷ್ಟೇ ನಿಮ್ಮದೇ ಚಕ್ರದಿಂದ.

ಪ್ರಶ್ನೆ: ನಾವು ಮಡಿಕೇರಿಯವರು. ಇಲ್ಲಿ ಚಳಿಗಾಲ ಒಣಗಿರುತ್ತದೆ, ಚಳಿ–ಮಳೆ ಒಟ್ಟಿಗೆ ಬರುವುದು ಜುಲೈನಲ್ಲಿ. ನಿಮ್ಮ ಮಾತು ನಮಗೂ ಆಗುತ್ತದೆಯೇ?
– ಓದುಗರು, ಮಡಿಕೇರಿ

ಬಟ್ಟೆ, ಚೈನಿನ ಮಾತು ಆಗುತ್ತದೆ, ಮಳೆಯ ಮಾತು ಆಗುವುದಿಲ್ಲ. ಇಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 850 ಮಿ.ಮೀ. ಅಷ್ಟನ್ನು ನೀವು ಜುಲೈ ಒಂದರಲ್ಲೇ ನೋಡುತ್ತೀರಿ. ಮಣ್ಣು ಕುಸಿಯುವ ದಿನ, ಮರ ಬೀಳುವ ಗಾಳಿಯ ದಿನ ಸೈಕಲ್ ಬೇಡವೇ ಬೇಡ. ಮಳೆ ಇಳಿದ ಬೆಳಗ್ಗೆ, ಇಳಿಜಾರಿಗೆ ಮುಂಚೆ ಎರಡು ಸಲ ಬ್ರೇಕ್ ಒತ್ತಿ ರಿಮ್ಮಿನ ನೀರು ಒರೆಸಿಕೊಂಡು ಹೊರಡಿ. ಸಾಕ್ಸಿನ ಮೇಲಿನ ಪ್ಲಾಸ್ಟಿಕ್ ಕವರ್ ನಿಮಗೆ ಜಿಗಣೆಗೂ ಆಗಬಹುದು ಅಲ್ವಾ!

ಪ್ರಶ್ನೆ: ಅಕ್ಕಾ, ಪ್ರತಿ ಭಾನುವಾರ ಸೈಕಲ್‌ಗೆ ಹೋಗುತ್ತೇನೆ ಅಂದರೆ ಮೈಸೂರಿನಿಂದ ಅಮ್ಮ ಫೋನಿನಲ್ಲೇ ಗಾಬರಿ. 'ಆ ಚಳೀಲಿ, ಮಳೇಲಿ ನೆನೆದು ಜ್ವರ ಬಂದ್ರೆ ಏನ್ ಮಾಡ್ತೀಯಾ' ಅಂತಾರೆ. ಏನು ಹೇಳಲಿ?
– ಓದುಗರು, ಡೆಲ್ಫ್ಟ್

ತಂಗೀ, ವಾದ ಮಾಡಬೇಡ. ನೆಗಡಿ ಬರುವುದು ವೈರಸ್‌ನಿಂದ, ಮಳೆಯಿಂದಲ್ಲ ಅಂತ ನೀನು ಹೇಳಬಹುದು, ಅದು ನಿಜವೂ ಹೌದು. ಆದರೆ ಒದ್ದೆ ಬಟ್ಟೆಯಲ್ಲಿ ಚಳಿಗೆ ಕೂತರೆ ಮೈ ಕಾವು ಇಳಿಯುತ್ತದೆ ಎನ್ನುವುದೂ ಅಷ್ಟೇ ನಿಜ, ಅಮ್ಮ ಹೇಳುತ್ತಿರುವುದು ಅದನ್ನೇ. ಇಲ್ಲಿಯ ಅಮ್ಮಂದಿರು ಮಕ್ಕಳನ್ನು ಮಳೆಯಲ್ಲಿ ಸೈಕಲ್ ಹತ್ತಿಸಿ ಶಾಲೆಗೆ ಕಳಿಸುವಾಗ 'ನೀನೇನು ಸಕ್ಕರೆ ಗೊಂಬೆಯಾ ಕರಗೋಕೆ' ಎನ್ನುವ ಧಾಟಿಯಲ್ಲಿ ಮಾತಾಡುತ್ತಾರೆ. ಹಾಗೆ ಅನ್ನುವವರೂ ಮಗು ವಾಪಸ್ ಬಂದ ತಕ್ಷಣ ಬಟ್ಟೆ ಬದಲಾಯಿಸುತ್ತಾರೆ.

ನನ್ನ ಅಮ್ಮನೂ ಹಾಸನದಿಂದ ಹೀಗೇ ಕೇಳುತ್ತಿದ್ದಳು. ಒಮ್ಮೆ ದಾರಿಯಲ್ಲೇ ನಿಂತು ವಿಡಿಯೊ ಕಾಲ್ ಮಾಡಿದೆ. ಖಾಲಿ ಹೊಲದ ತುಂಬ ಬಾತುಗಳು ಬಂದು ಕೂತಿದ್ದವು, ಉತ್ತರದ ಹಿಮದ ನಾಡಿನಿಂದ ಚಳಿಗಾಲ ಕಳೆಯಲು ಇಲ್ಲಿಗೇ ಬರುವ ಕಾಡುಬಾತುಗಳು. ಅವು ಒಟ್ಟಿಗೆ ಎದ್ದು ಕೂಗುತ್ತಾ ತಲೆ ಮೇಲೆ ಹೋದವು. ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, 'ಇನ್ನೊಂದ್ಸಲ ತೋರ್ಸು' ಅಂದಳು. ಆ ಮೇಲೆ ಹೋಗಬೇಡ ಅನ್ನಲಿಲ್ಲ, ಬಂದ ಮೇಲೆ ತಲೆ ಒರೆಸಿಕೊಂಡೆಯಾ ಅಂತ ಮಾತ್ರ ಕೇಳುತ್ತಿದ್ದಳು.

ಹೊರಡುವಾಗ ಅಮ್ಮನಿಗೆ ಫೋನ್ ಮಾಡಬೇಡ. ಬಂದು, ತಲೆ ಒರೆಸಿಕೊಂಡು, ಒಣ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಬಿಸಿ ಕಾಫಿ ಹಿಡಿದು ಮಾಡು.