ಟ್ರೌಟ್ ಹಿಡಿಯಲು ನಾಲ್ಕು ತಿಂಗಳ ನಿಷೇಧ ಬೇಕೇ?

ಪ್ರಶ್ನೆ: ಡಿಸೆಂಬರ್ ರಜೆಗೆ ಹಿಮಾಚಲದ ತೀರ್ಥನ್ ಕಣಿವೆಗೆ ಹೊರಟಿದ್ದೇವೆ. ಅಲ್ಲಿ ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್‌ಗೆ ಗಾಳ ಹಾಕುವಂತಿಲ್ಲವಂತೆ. ಹಿಡಿದ ಮೀನನ್ನು ನೀರಿಗೇ ಬಿಡುವವರಿಗೂ ಈ ನಿಷೇಧ ಏಕೆ? ಇದು ನಮ್ಮ ಮಲ್ಪೆಯ ಮಳೆಗಾಲದ ರಜೆಯಂತೆಯೇ?
— ಓದುಗರು, ಉಡುಪಿ

ಉತ್ತರ: ಅವರಿಗೂ ಬೇಕು. ಗಾಳಕ್ಕಿಂತ ಹೆಚ್ಚು ಹಾನಿ ಮಾಡುವುದು ನದಿಗಿಳಿದವರ ಕಾಲು. ತೀರ್ಥನ್‌ನ ಬ್ರೌನ್ ಟ್ರೌಟ್ ಚಳಿ ಶುರುವಾದಾಗ ಮೊಟ್ಟೆ ಇಡುತ್ತದೆ. ಹೆಣ್ಣು ಮೀನು ಮಗ್ಗುಲಾಗಿ ಬಾಲ ಬಡಿದು ನುರುಜುಗಲ್ಲಿನಲ್ಲಿ ಗುಂಡಿ ತೋಡಿ, ಮೊಟ್ಟೆ ಇಟ್ಟು, ಮೇಲಿನಿಂದ ಕಲ್ಲು ಸರಿಸಿ ಮುಚ್ಚುತ್ತದೆ. ಮೊಟ್ಟೆಗಳು ಗೇಣುದ್ದದ ಆಳದೊಳಗೇ ಇರುತ್ತವೆ. ಕಲ್ಲಿನ ಸಂದುಗಳಲ್ಲಿ ಹರಿಯುವ ನೀರೇ ಅವುಗಳ ಉಸಿರು. ಮೇಲೆ ಕಾಲಿಟ್ಟರೆ ಕಲ್ಲು ಜರುಗಿ ಮೊಟ್ಟೆ ಜಜ್ಜಿಹೋಗುತ್ತದೆ, ಎದ್ದ ಹೂಳು ಸಂದು ಕಟ್ಟುತ್ತದೆ. ಅಮೆರಿಕದ ಮೊಂಟಾನಾದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊಟ್ಟೆ ಇಟ್ಟಂದಿನಿಂದ ಮರಿ ಹೊರಬರುವವರೆಗೆ ದಿನಕ್ಕೆರಡು ಬಾರಿ ತುಳಿದ ಕಡೆ ಶೇ. 96ರವರೆಗೆ ಸತ್ತವು.

ಈಗ ಲೆಕ್ಕ ನೋಡಿ. ದಿನದಿನದ ನೀರಿನ ಉಷ್ಣತೆಯನ್ನು ಕೂಡುತ್ತ ಹೋದರೆ ಮೊತ್ತ ಸುಮಾರು 400–450 ಆದಾಗ ಮೊಟ್ಟೆ ಒಡೆಯುತ್ತದೆ. ನೀರು 5 ಡಿಗ್ರಿ ಇದ್ದರೆ 80–90 ದಿನ. ನವೆಂಬರ್ ಮಧ್ಯದಲ್ಲಿ ಇಟ್ಟ ಮೊಟ್ಟೆ ಒಡೆಯುವುದು ಫೆಬ್ರುವರಿಯಲ್ಲಿ. ಆಮೇಲೂ ಮರಿ ಹೊಟ್ಟೆಗಂಟಿದ ಹಳದಿ ಚೀಲವನ್ನು ಉಂಡು ಮುಗಿಸುವವರೆಗೆ ಕೆಲವು ವಾರ ಕಲ್ಲಿನೊಳಗೇ ಇರುತ್ತದೆ. ಎಂದರೆ ಮಾರ್ಚ್ 1ಕ್ಕೆ ನದಿ ತೆರೆದಾಗ, ಅದರಲ್ಲೂ ತಣ್ಣನೆಯ ಮೇಲ್ಭಾಗದಲ್ಲಿ, ಮರಿಗಳಿನ್ನೂ ಕೆಳಗಿರುತ್ತವೆ. ನಮ್ಮ ಅಭಿಪ್ರಾಯದಲ್ಲಿ ಈ ನಿಷೇಧ ಹೆಚ್ಚಾಯಿತೆನ್ನುವ ಬದಲು ಸಾಲದು ಎನ್ನುವುದೇ ಸರಿ.

ಆದ್ದರಿಂದ ಪ್ರವಾಸವನ್ನು ಏಪ್ರಿಲ್‌ಗೆ ಮುಂದೂಡಿ, ಮೀನುಗಾರಿಕೆ ಇಲಾಖೆಯ ಪರ್ಮಿಟ್ ಪಡೆದು ಹೋಗಿ. ಮಾರ್ಚ್‌ನಲ್ಲೇ ಹೋಗಬೇಕಾದರೆ ದಡದಿಂದಲೇ ಗಾಳ ಎಸೆಯಿರಿ. ಸುತ್ತಲಿನ ಕಲ್ಲು ಪಾಚಿಗಟ್ಟಿ ಕಂದಾಗಿದ್ದು ಒಂದು ಜಾಗ ಮಾತ್ರ ತೊಳೆದಂತೆ ಬೆಳ್ಳಗಿದ್ದರೆ, ಮೇಲ್ಗಡೆ ತಗ್ಗು, ಕೆಳಗಡೆ ಉಬ್ಬು ಕಂಡರೆ, ಅದೇ ಗೂಡು. ಮೊಟ್ಟೆ ಇರುವುದು ಉಬ್ಬಿನಡಿ; ತಗ್ಗನ್ನು ತಪ್ಪಿಸಿ ಉಬ್ಬಿನ ಮೇಲೆ ಹಾಯುವವರೇ ಹೆಚ್ಚು. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಒದ್ದೆ ಕೈಯಿಂದಲೇ ಮೀನು ಮುಟ್ಟಿ, ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕೀಳುತ್ತದೆ.

ಮಲ್ಪೆಯ ಜೂನ್ 1ರಿಂದ ಜುಲೈ 31ರ ನಿಷೇಧದ ಉದ್ದೇಶವೂ ಸಂತಾನ ಉಳಿಸುವುದೇ. ಆದರೆ ಅಲ್ಲಿ ಹತ್ತಾರು ಜಾತಿಯ ಮೀನು, ವಿಶಾಲ ಕಡಲು, ನಿಲ್ಲುವುದು ಯಾಂತ್ರಿಕ ದೋಣಿ. ಇಲ್ಲಿ ಕೆಲವೇ ಮಾರು ಅಗಲದ ಹೊಳೆ. ಒಬ್ಬರ ಓಡಾಟವೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿ ಏಪ್ರಿಲ್ ಮೊದಲ ಶನಿವಾರ ಬೆಳಿಗ್ಗೆ 8ಕ್ಕೆ ಟ್ರೌಟ್ ಹಂಗಾಮು ತೆರೆಯುತ್ತದೆ. ಅದಕ್ಕೂ ಇದೇ ಕಾರಣವೇ?
— ಓದುಗರು, ಪಿಟ್ಸ್‌ಬರ್ಗ್

ಉತ್ತರ: ಮುಖ್ಯ ಕಾರಣ ಬೇರೆ. ಅಲ್ಲಿ ಮರಿಕೇಂದ್ರದಲ್ಲಿ ಬೆಳೆಸಿದ ದೊಡ್ಡ ಮೀನನ್ನು ಹಂಗಾಮಿಗೆ ಮೊದಲೇ ಹೊಳೆಗಳಿಗೆ ಬಿಡುತ್ತಾರೆ. ಬಾಗಿಲು ಮುಚ್ಚಿಡದಿದ್ದರೆ ಮೀನಿನ ಲಾರಿಯ ಬೆನ್ನು ಹತ್ತಿದವರೇ ಎಲ್ಲವನ್ನೂ ಬಾಚಿಕೊಳ್ಳುತ್ತಾರೆ. ಒಂದೇ ದಿನ, ಒಂದೇ ಗಂಟೆ ಎಂದರೆ ವಾರವೆಲ್ಲ ದುಡಿಯುವವರಿಗೂ ಮಕ್ಕಳಿಗೂ ಪಾಲು ಸಿಗುತ್ತದೆ. ಬಿಟ್ಟ ಮೀನಿನ ಹೊಳೆಗೆ ಈ ಪದ್ಧತಿ ನ್ಯಾಯವಾದದ್ದು. ಮೀನು ತಾನೇ ಮರಿಮಾಡುವ ಹೊಳೆಯಲ್ಲಿ ಮಾತ್ರ, ಮರಿ ಕಲ್ಲಿನಡಿ ಇರುವಾಗ ಒಂದೇ ಬೆಳಿಗ್ಗೆ ಜನಜಂಗುಳಿ ಇಳಿಯುವುದು ಕೆಟ್ಟದ್ದು.