ಚೀನಾ ಇಷ್ಟು ಬೆಳೆದಿರುವಾಗಲೂ ಅಮೆರಿಕ, ಯುರೋಪ್ ವ್ಯಾಪಾರದಲ್ಲಿ ಒಂದಾಗಲು ಏನು ಅಡ್ಡಿ?

ಅಡ್ಡಿ ಸುಂಕಕ್ಕಿಂತ ಹೆಚ್ಚಾಗಿ ನಿಯಮಗಳದ್ದು. ಇಬ್ಬರ ನಡುವಿನ ವ್ಯಾಪಾರ ಸಲೀಸಾಗಿಸಲು 2013ರಲ್ಲಿ ಶುರುವಾದ ಟಿಟಿಐಪಿ ಒಪ್ಪಂದದ ಮಾತುಕತೆ 2016ರ ಕೊನೆಗೆ ನಿಂತೇಹೋಯಿತು. ಉದಾಹರಣೆಗೆ, ಕ್ಲೋರಿನ್‌ನಲ್ಲಿ ತೊಳೆದ ಅಮೆರಿಕದ ಕೋಳಿಮಾಂಸವನ್ನು ಯುರೋಪ್ ಒಳಗೆ ಬಿಡಲೊಲ್ಲದು.

ಸಹಕಾರ ಎಲ್ಲಿ ಕುದುರುತ್ತದೆ ಎಂಬುದಕ್ಕೆ ವಿಮಾನ ಉದ್ಯಮ ನೋಡಿ. ಯುರೋಪಿನ ಏರ್‌ಬಸ್, ಅಮೆರಿಕದ ಬೋಯಿಂಗ್‌ಗೆ ಸಿಗುವ ಸಬ್ಸಿಡಿ ಕುರಿತು 2004ರಿಂದ ಡಬ್ಲ್ಯುಟಿಒದಲ್ಲಿ (ವಿಶ್ವ ವ್ಯಾಪಾರ ಸಂಸ್ಥೆ) ಜಗಳವಿತ್ತು. 2019ರಲ್ಲಿ ಅಮೆರಿಕಕ್ಕೆ ವರ್ಷಕ್ಕೆ 750 ಕೋಟಿ ಡಾಲರ್ ಸರಕಿನ ಮೇಲೆ, ಮರುವರ್ಷ ಯುರೋಪಿಗೆ ಸುಮಾರು 400 ಕೋಟಿ ಡಾಲರ್ ಸರಕಿನ ಮೇಲೆ ಪ್ರತಿಸುಂಕ ಹಾಕಲು ಅನುಮತಿ ಸಿಕ್ಕಿತು. ಪೆಟ್ಟು ತಿಂದವರಲ್ಲಿ ವಿಮಾನಕ್ಕೆ ಸಂಬಂಧವೇ ಇಲ್ಲದ ವೈನ್, ಚೀಸ್ ಮಾರುವವರೂ ಇದ್ದರು! 2021ರ ಜೂನ್‌ನಲ್ಲಿ ಐದು ವರ್ಷದ ಮಟ್ಟಿಗೆ ಎರಡೂ ಕಡೆ ಸುಂಕ ತಡೆಹಿಡಿದರು. ಈ ಎರಡೂ ಕಂಪನಿಗಳಿಗೆ ಪೈಪೋಟಿಯಾಗಿ ಚೀನಾ ತನ್ನದೇ ಸಿ919 ಪ್ರಯಾಣಿಕ ವಿಮಾನ ತರುತ್ತಿದ್ದುದು ಇದರ ಹಿಂದಿನ ದೊಡ್ಡ ಒತ್ತಡ.

ಉಕ್ಕಿನಲ್ಲಿ ಹೀಗಾಗಲಿಲ್ಲ. ಯುರೋಪಿನ ಉಕ್ಕಿನ ಮೇಲೆ ಅಮೆರಿಕ 2018ರಲ್ಲಿ ಹಾಕಿದ ಶೇ 25 ಸುಂಕದ ಜಾಗಕ್ಕೆ 2022ರಲ್ಲಿ ಕೋಟಾ (ಇಷ್ಟು ಪ್ರಮಾಣದವರೆಗೆ ಆ ಸುಂಕವಿಲ್ಲ ಎಂಬ ಮಿತಿ) ಬಂತು. 2025ರಲ್ಲಿ ಸುಂಕ ಮರಳಿ ಬಂದು ಶೇ 50ಕ್ಕೇರಿತು. ಚೀನಾದ ಹೆಚ್ಚುವರಿ ಉಕ್ಕನ್ನು ತಡೆಯಬೇಕು ಎಂಬುದರಲ್ಲಿ ಒಮ್ಮತವಿದೆ, ದಾರಿಯಲ್ಲಿ ಇಲ್ಲ: ಉಕ್ಕು ತಯಾರಿಸುವಾಗ ಹೊರಬಿದ್ದ ಇಂಗಾಲದ ಲೆಕ್ಕದಲ್ಲಿ ಆಮದಿಗೆ ಶುಲ್ಕ ಹಾಕುವುದು ಯುರೋಪಿನ ದಾರಿ, ಅಮೆರಿಕ ರಾಷ್ಟ್ರೀಯ ಭದ್ರತೆಯ ಕಾನೂನು ಹಿಡಿದು ಮಿತ್ರರ ಮೇಲೂ ಸುಂಕ ಹಾಕುತ್ತದೆ.